ಬೇಸಿಗೆಯಲ್ಲಿ ಹಸುಗೂಸಿನ ಮೈ ಕಾವು: ಗುರುತಿಸುವುದು ಹೇಗೆ, ಉಪಚಾರವೇನು?

ಬಿಸಿಲು ಏರತೊಡಗಿತೆಂದರೆ ನಮ್ಮ ರೈತರು ಮೊದಲು ನೋಡುವುದು ಕೊಟ್ಟಿಗೆಯ ಕಡೆಗೆ. ತಗಡಿನ ಮಾಡಿಗೆ ತೆಂಗಿನ ಗರಿ ಹೊದಿಸುತ್ತಾರೆ. ಕರುವನ್ನು ಬೇವಿನ ಮರದ ನೆರಳಿಗೆ ಕಟ್ಟುತ್ತಾರೆ. ಎಮ್ಮೆಗೆ ಮಧ್ಯಾಹ್ನ ನೀರು ಎರಚುತ್ತಾರೆ. ಆದರೆ ಅದೇ ಮನೆಯ ಒಳಕೋಣೆಯಲ್ಲಿ ವಾರದ ಹಸುಗೂಸೊಂದು ಕುಲಾವಿ, ಉಣ್ಣೆಯ ಅಂಗಿ, ಮೇಲೆರಡು ಸುತ್ತು ದುಪ್ಪಟಿ ಹೊದ್ದು, ಮುಚ್ಚಿದ ಕಿಟಕಿಯ ಬಳಿ ಮಲಗಿರುತ್ತದೆ. ಹೊರಗೆ 40 ಡಿಗ್ರಿ ಸೆಂಟಿಗ್ರೇಡಿನ ಧಗೆ. ಕೋಣೆಯ ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆ. ‘ಬಾಣಂತಿಗೂ ಮಗುವಿಗೂ ಗಾಳಿ ಸೋಕಬಾರದು’ ಎಂಬ ಹಿರಿಯರ ಮಾತೇ ಇದಕ್ಕೆಲ್ಲ ಆಧಾರ.

ಈ ಮಾತು ಕಾರಣವಿಲ್ಲದೆ ಹುಟ್ಟಿದ್ದಲ್ಲ. ಆಗತಾನೆ ಹುಟ್ಟಿದ ಕೂಸು ಚಳಿಗೆ ಬಹುಬೇಗ ಸೋಲುತ್ತದೆ. ಅದನ್ನು ಬೆಚ್ಚಗಿಡಬೇಕೆಂಬುದನ್ನು ವೈದ್ಯರೂ ಒಪ್ಪುತ್ತಾರೆ. ಆದರೆ ಪುಷ್ಯ-ಮಾಘದ ಚಳಿಗೆ ಹೇಳಿದ ಮಾತನ್ನು ಚೈತ್ರ-ವೈಶಾಖದ ಬಿಸಿಲಿಗೂ ಅನ್ವಯಿಸಿದರೆ ಆರೈಕೆಯೇ ಅಪಾಯವಾಗುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿಯಂಥ ಬಿಸಿಲು ಸೀಮೆಯಲ್ಲಂತೂ ಈ ವಿಷಯವನ್ನು ಪ್ರತಿ ಮನೆಯವರೂ ತಿಳಿದಿರುವುದು ಅತ್ಯವಶ್ಯ.

ಕೂಸಿನ ಮೈ ಬೇಗ ಕಾಯುವುದೇಕೆ?

ಕೋಳಿ ಸಾಕುವವರಿಗೆ ಇದನ್ನು ತಿಳಿಸುವುದು ಸುಲಭ. ಮೊದಲ ವಾರ ಮರಿಗಳ ಮನೆಯಲ್ಲಿ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಕಾವು ಬೇಕು. ಕಾವು ಸಾಲದಿದ್ದರೆ ಮರಿಗಳು ದೀಪದ ಕೆಳಗೆ ಗುಂಪುಗೂಡುತ್ತವೆ. ಹೆಚ್ಚಾದರೆ ದೂರ ಸರಿದು ಗೋಡೆಯ ಅಂಚಿಗೆ ಹೋಗಿ ಬಾಯಿ ತೆರೆದು ಏದುಸಿರು ಬಿಡುತ್ತವೆ. ಅವು ನಿಂತ ಜಾಗ ನೋಡಿಯೇ ರೈತ ದೀಪವನ್ನು ಏರಿಸುತ್ತಾನೆ ಅಥವಾ ಇಳಿಸುತ್ತಾನೆ. ಹಸುಗೂಸಿಗೆ ಸರಿದು ಹೋಗುವ ಶಕ್ತಿಯಿಲ್ಲ, ಹೊದಿಕೆಯನ್ನು ಒದ್ದು ತೆಗೆಯಲೂ ಬಾರದು. ಆದ್ದರಿಂದ ಅದರ ಪರವಾಗಿ ನೋಡಿಕೊಳ್ಳಬೇಕಾದವರು ನಾವೇ.

ಇದಲ್ಲದೆ ಇನ್ನೂ ಕೆಲವು ಕಾರಣಗಳಿವೆ. ದೇಹದ ತೂಕಕ್ಕೆ ಹೋಲಿಸಿದರೆ ಕೂಸಿನ ಚರ್ಮದ ಹರಹು ದೊಡ್ಡವರದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚು. ಹೀಗಾಗಿ ತಣ್ಣನೆಯ ಕೋಣೆಯಲ್ಲಿ ಅದು ಬೇಗ ಆರುತ್ತದೆ, ಬಿಸಿ ಕೋಣೆಯಲ್ಲಿ ಬೇಗ ಕಾಯುತ್ತದೆ. ದೊಡ್ಡವರಂತೆ ಧಾರಾಳವಾಗಿ ಬೆವರಿ ಮೈಯನ್ನು ತಣಿಸಿಕೊಳ್ಳುವುದು ಅದಕ್ಕೆ ಸಾಧ್ಯವಿಲ್ಲ. ಅವಧಿಗೆ ಮುನ್ನ ಹುಟ್ಟಿದ ಕೂಸಾದರೆ ಬೆವರುವುದು ಮತ್ತೂ ಕಡಿಮೆ. ಕೂಸಿನ ಮೈಯಲ್ಲಿ ತಲೆಯೇ ಸುಮಾರು ಐದನೆಯ ಒಂದು ಪಾಲು. ಹೆಚ್ಚಿನ ಶಾಖ ಹೊರಹೋಗಲು ಅದೇ ದೊಡ್ಡ ದಾರಿ. ಸುಡುವ ಮಧ್ಯಾಹ್ನ ಕುಲಾವಿ ಬಿಗಿದರೆ ಆ ದಾರಿಯನ್ನು ಮುಚ್ಚಿದಂತೆ.

ಹುಟ್ಟಿದ ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ವಿಶೇಷ ಎಚ್ಚರ ಬೇಕು. ತಾಯಿಯ ಹಾಲು ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಕೂಸಿಗೆ ಸಿಗುವ ದ್ರವ ಕಡಿಮೆ, ಧಗೆಯಲ್ಲಿ ಮೈಯಿಂದ ಆರಿಹೋಗುವ ನೀರು ಹೆಚ್ಚು. ಇಂಥ ಸಮಯದಲ್ಲಿ ಮೊದಲ ಹಾಲನ್ನು ಹಿಂಡಿ ಚೆಲ್ಲುವ ಪದ್ಧತಿ ಕೂಸಿಗೆ ಎರಡು ಕಡೆಯಿಂದ ನಷ್ಟ. ಕರುವಿಗೆ ಗಿಣ್ಣುಹಾಲು ತಪ್ಪಿಸದ ರೈತನ ಮನೆಯಲ್ಲಿ ಕೂಸಿಗೆ ಅದು ತಪ್ಪಬಾರದು.

ಮೈ ಕಾವು ಹೆಚ್ಚಾದಂತೆ ಕೂಸಿನ ಉಸಿರು, ನಾಡಿ ಎರಡೂ ವೇಗವಾಗುತ್ತವೆ, ಮೈಯಲ್ಲಿನ ನೀರು ಬೇಗ ಬತ್ತುತ್ತದೆ. ಹಾಗೆಯೇ ಬಿಟ್ಟರೆ ಸೆಳವು ಬರಬಹುದು, ಮೆದುಳಿಗೆ ಪೆಟ್ಟಾಗಬಹುದು, ಪ್ರಾಣಕ್ಕೇ ಸಂಚಕಾರ ಬರಬಹುದು.

ಅಹಮದಾಬಾದಿನಲ್ಲಿ ಕಂಡದ್ದು

ಬಿಸಿಲಿಗೆ ಕೂಸು ಎಷ್ಟು ಬೇಗ ಸೋಲುತ್ತದೆ ಎಂಬುದಕ್ಕೆ ಗುಜರಾತಿನ ಅಹಮದಾಬಾದಿನ ಉದಾಹರಣೆಯಿದೆ. 2010ರ ಮೇ ತಿಂಗಳಲ್ಲಿ ಆ ನಗರದ ತಾಪ 46.8 ಡಿಗ್ರಿ ಸೆಂಟಿಗ್ರೇಡಿಗೆ ಮುಟ್ಟಿತು. ಆಗ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಹಸುಗೂಸುಗಳು ತಾಪದ ಬಾಧೆಯಿಂದ ತೀವ್ರ ನಿಗಾ ಘಟಕಕ್ಕೆ ದಾಖಲಾಗುವುದು ಹೆಚ್ಚಿತು. ವೈದ್ಯರು ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 42 ಡಿಗ್ರಿಯ ಮೇಲೆ ಒಂದೊಂದು ಡಿಗ್ರಿ ಏರಿದಾಗಲೂ ಇಂಥ ದಾಖಲಾತಿ ಶೇಕಡ 43ರಷ್ಟು ಹೆಚ್ಚುತ್ತಿದ್ದುದು ತಿಳಿಯಿತು.

ಆ ಆಸ್ಪತ್ರೆಯ ಹೆರಿಗೆ ವಾರ್ಡು ಮೊದಲು ಕಟ್ಟಡದ ಮೇಲಂತಸ್ತಿನಲ್ಲಿ, ಕಾದ ಛಾವಣಿಯ ಕೆಳಗೇ ಇತ್ತು. ಅದನ್ನು ಕೆಳಗಿನ ಅಂತಸ್ತಿಗೆ ಇಳಿಸಿದ ಮೇಲೆ ತಾಪದ ಬಾಧೆಯ ದಾಖಲಾತಿ ಶೇಕಡ 64ರಷ್ಟು ಕಡಿಮೆಯಾದುದು ಕಂಡುಬಂತು. ಹೊಸ ಔಷಧಿಯಿಂದ ಆದುದಲ್ಲ ಇದು. ಕೂಸು ಮಲಗುವ ಜಾಗವನ್ನು ಕಾದ ಛಾವಣಿಯಿಂದ ದೂರ ಮಾಡಿದ್ದರಿಂದ ಆದ ಉಪಕಾರ. ತಗಡಿನ ಮನೆ, ಆರ್‌ಸಿಸಿ ಛಾವಣಿಯ ಮನೆಗಳಲ್ಲಿರುವ ನಮ್ಮ ರೈತ ಕುಟುಂಬಗಳು ಇದನ್ನು ಗಮನಿಸಬೇಕು. ಹಳೆಯ ಮಣ್ಣಿನ ಮಾಳಿಗೆ ಮನೆಯ ತಂಪು ಈ ಹೊಸ ಛಾವಣಿಗಳಿಗಿಲ್ಲ.

ಗುರುತಿಸುವ ಬಗೆ

ಮೊದಲು ಕೈಯಿಂದ ಮುಟ್ಟಿ ನೋಡುವುದನ್ನು ಕಲಿಯಬೇಕು. ಹಣೆ ಮುಟ್ಟಿದರೆ ಸಾಲದು. ಅಂಗೈಯ ಹಿಂಭಾಗದಿಂದ ಕೂಸಿನ ಹೊಟ್ಟೆಯನ್ನು ಮುಟ್ಟಿರಿ, ಆಮೇಲೆ ಅಂಗಾಲನ್ನು ಮುಟ್ಟಿರಿ.

ಹೊಟ್ಟೆ, ಅಂಗಾಲು ಎರಡೂ ಹಿತವಾಗಿ ಬೆಚ್ಚಗಿದ್ದು, ಅಂಗಾಲು ನಸುಗೆಂಪಾಗಿದ್ದರೆ ಕೂಸು ಸುಖವಾಗಿದೆ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಚಳಿಯಾಗುತ್ತಿದೆ. ಹೊಟ್ಟೆಯೂ ಅಂಗಾಲೂ ಒಂದೇ ಸಮನೆ ಬಿಸಿಯಾಗಿದ್ದು, ಮೈ ಕೆಂಪೇರಿ, ಕೂಸು ಕೈಕಾಲು ಚಾಚಿ ಮಲಗಿದ್ದರೆ ಹೊರಗಿನ ಕಾವು ಹೆಚ್ಚಾಗಿದೆ ಎಂದು ತಿಳಿಯಬೇಕು. ಹೊಟ್ಟೆ ಸುಡುತ್ತಿದ್ದು ಕೈಕಾಲು ಮಾತ್ರ ತಣ್ಣಗಿದ್ದರೆ ಸೋಂಕಿನಿಂದ ಬಂದ ಜ್ವರವಿರಬಹುದು; ಇದು ಹೆಚ್ಚು ಅಪಾಯದ ಸೂಚನೆ. ಆದರೆ ಕೈಯ ಪರೀಕ್ಷೆಯೊಂದನ್ನೇ ನಂಬಿ ‘ಇದು ಬರೀ ಸೆಖೆ’ ಎಂದು ತೀರ್ಮಾನಿಸಿ ಕೂರಬಾರದು.

ಆದ್ದರಿಂದ ಕೂಸಿರುವ ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರು ಇರಬೇಕು. ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದರ ತುದಿಯನ್ನು ಕೂಸಿನ ಕಂಕುಳಿನ ನಡುವೆ ಇಟ್ಟು, ತೋಳನ್ನು ಮೈಗೆ ಒತ್ತಿ ಹಿಡಿದು, ಸದ್ದಾಗುವವರೆಗೆ ಕಾಯಬೇಕು. ಬಾಯಲ್ಲಿ ಇಡಕೂಡದು. ಸ್ನಾನ ಮಾಡಿಸಿದ ಕೂಡಲೇ ನೋಡಿದರೆ ಲೆಕ್ಕ ತಪ್ಪುತ್ತದೆ, ಸ್ವಲ್ಪ ಹೊತ್ತು ಬಿಟ್ಟು ನೋಡಬೇಕು. ಕಂಕುಳಿನ ಕಾವು 97.7ರಿಂದ 99.5 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 36.5ರಿಂದ 37.5 ಡಿಗ್ರಿ ಸೆಂಟಿಗ್ರೇಡ್ ಇದ್ದರೆ ಸರಿ. ಅದಕ್ಕೆ ಮೇಲಾದರೆ ಹೆಚ್ಚಾಯಿತು ಎಂದರ್ಥ.

ಮೂರನೆಯದಾಗಿ ಕೂಸಿನ ನಡವಳಿಕೆ. ಮೈ ಕಾದ ಕೂಸು ಮೊದಮೊದಲು ಚಡಪಡಿಸುತ್ತದೆ, ರಚ್ಚೆ ಹಿಡಿಯುತ್ತದೆ, ಬೇಗಬೇಗ ಉಸಿರಾಡುತ್ತದೆ. ಕತ್ತು, ಬೆನ್ನಿನ ಮೇಲೆ ಬೆವರುಸಾಲೆ ಏಳಬಹುದು. ಬಾಯಿ ಒಣಗುತ್ತದೆ. ಮೂತ್ರ ಕಡಿಮೆಯಾಗಿ ಕಡು ಹಳದಿಯಾಗುತ್ತದೆ. ಐದನೆಯ ದಿನ ಕಳೆದ ಮೇಲೆ ಕೂಸು ಹಗಲುರಾತ್ರಿ ಸೇರಿ ಆರು ಬಾರಿಯಾದರೂ ಬಟ್ಟೆ ಒದ್ದೆ ಮಾಡಬೇಕು. ಅದಕ್ಕಿಂತ ಕಡಿಮೆಯಾದರೆ ಹಾಲು ಸಾಲುತ್ತಿಲ್ಲ ಅಥವಾ ಮೈ ಬತ್ತುತ್ತಿದೆ ಎಂದು ತಿಳಿಯಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕಾವು ಇನ್ನೂ ಏರಿದಾಗ ಕೂಸು ಅಳುವುದನ್ನೇ ನಿಲ್ಲಿಸಿ ಮಂಪರಿಗೆ ಜಾರುತ್ತದೆ. ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಬಿಗಿಯಾಗಿ ಸುತ್ತಿ ಮಲಗಿಸಿದ ಕೂಸು ನಾಲ್ಕೈದು ಗಂಟೆ ಕದಲದೆ ಬಿದ್ದಿದ್ದರೆ ‘ಒಳ್ಳೇ ನಿದ್ದೆ, ಏಳಿಸಬೇಡಿ’ ಎನ್ನುವುದು ರೂಢಿ. ಬೇಸಿಗೆಯಲ್ಲಿ ಈ ನಿದ್ದೆಯನ್ನು ಸುಮ್ಮನೆ ನಂಬಬಾರದು. ಎರಡು-ಮೂರು ಗಂಟೆಗೊಮ್ಮೆ ಮುಟ್ಟಿ ನೋಡಿ, ಎಬ್ಬಿಸಿ ಹಾಲೂಡಿಸಬೇಕು. ಎಬ್ಬಿಸಿದರೂ ಏಳದಿದ್ದರೆ, ಎದ್ದರೂ ಮೊಲೆ ಹಿಡಿಯದಿದ್ದರೆ ಅದು ನಿದ್ದೆಯಲ್ಲ, ಕಾಯಿಲೆ.

ತಕ್ಷಣ ಮಾಡಬೇಕಾದ ಉಪಚಾರ

1. ಕೂಸನ್ನು ಬಿಸಿ ಜಾಗದಿಂದ ಮನೆಯಲ್ಲಿ ಎಲ್ಲಕ್ಕಿಂತ ತಂಪಾದ, ಗಾಳಿಯಾಡುವ ನೆರಳಿನ ಜಾಗಕ್ಕೆ ತರಬೇಕು. ಅಗ್ಗಿಷ್ಟಿಕೆ ಇದ್ದರೆ ಮೊದಲು ಅದನ್ನು ಹೊರಗೆ ಹಾಕಬೇಕು.

2. ಕುಲಾವಿ, ಕಾಲುಚೀಲ, ಹೊದಿಕೆ, ಹೆಚ್ಚಿನ ಅಂಗಿ ಎಲ್ಲವನ್ನೂ ಬಿಚ್ಚಬೇಕು. ಒಂದು ತೆಳು ಹತ್ತಿಯ ಬಟ್ಟೆ ಇದ್ದರೆ ಸಾಕು.

3. ಕೂಡಲೇ ಎದೆಹಾಲು ಕೊಡಬೇಕು. ಸ್ವಲ್ಪ ಸ್ವಲ್ಪವಾಗಿ ಮತ್ತೆ ಮತ್ತೆ ಕೊಡಬೇಕು. ಎಚ್ಚರವಿದ್ದೂ ಮೊಲೆ ಹಿಡಿಯಲು ಶಕ್ತಿ ಸಾಲದ ಕೂಸಿಗೆ ಹಾಲು ಹಿಂಡಿ ಶುಚಿಯಾದ ಒಳಲೆ ಅಥವಾ ಚಮಚದಿಂದ ಕುಡಿಸಿ, ವೈದ್ಯರಿಗೆ ತೋರಿಸಬೇಕು. ಮಂಪರಿನಲ್ಲಿರುವ ಕೂಸಿನ ಬಾಯಿಗೆ ಮಾತ್ರ ಏನನ್ನೂ ಹುಯ್ಯಬಾರದು; ನೆತ್ತಿಗೇರಿ ಉಸಿರು ಕಟ್ಟುತ್ತದೆ.

4. ಕಾವು 99.5ರಿಂದ 100.4ರ ಒಳಗಿದ್ದು, ಕೂಸು ಲವಲವಿಕೆಯಿಂದ ಹಾಲು ಕುಡಿಯುತ್ತಿದ್ದರೆ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಬೇಕು. ಬರೀ ಹೊದಿಕೆಯ ಕಾವಾಗಿದ್ದರೆ ಇಳಿಯತೊಡಗುತ್ತದೆ. ಒಂದು ಗಂಟೆಯೊಳಗೆ ಸರಿಯಾದ ಮಟ್ಟಕ್ಕೆ ಬಾರದಿದ್ದರೆ, ಇಲ್ಲವೇ ಇಳಿದು ಮತ್ತೆ ಏರಿದರೆ ಆಸ್ಪತ್ರೆಗೆ ಹೊರಡಬೇಕು.

5. ಕಾವು 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಮೇಲಿದ್ದರೆ ಕಾಯುವ ಮಾತೇ ಇಲ್ಲ. ಬಟ್ಟೆ ಸಡಿಲಿಸಿ, ಹಾಲೂಡಿಸುತ್ತಾ ಆಸ್ಪತ್ರೆಗೆ ಹೊರಡಬೇಕು. ದಾರಿಯಲ್ಲಿ ಕಾವು ಇಳಿದರೂ ಹಿಂದಕ್ಕೆ ಬರದೆ ವೈದ್ಯರಿಗೆ ತೋರಿಸಿಯೇ ಬರಬೇಕು. ತಿಂಗಳೊಳಗಿನ ಕೂಸಿಗೆ ಜ್ವರವೊಂದೇ ರಕ್ತದ ಸೋಂಕಿನ ಸೂಚನೆಯಾಗಿರಬಹುದು. ಅದನ್ನು ಮನೆಯಲ್ಲಿ ಕುಳಿತು ತಿಳಿಯಲಾಗದು.

6. 104 ಡಿಗ್ರಿ ಮುಟ್ಟಿದ ಕೂಸಿನ ಮೈಯನ್ನು ವಾಹನ ಬರುವವರೆಗೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುತ್ತಿರಬಹುದು.

ಮಾಡಬಾರದ ಕೆಲಸಗಳು

ತಣ್ಣೀರಿನ ಕೊಡದಲ್ಲಿ ಅದ್ದುವುದು, ಮಂಜುಗಡ್ಡೆ ಇಡುವುದು ಬೇಡ. ಚರ್ಮ ತಟ್ಟನೆ ತಣ್ಣಗಾದರೆ ಒಳಗಿನ ಶಾಖ ಹೊರಬರುವುದು ಕಷ್ಟವಾಗುತ್ತದೆ. ಆಮೇಲೆ ಕೂಸು ಚಳಿಗೂ ಸಿಲುಕುತ್ತದೆ. ಜ್ವರದ ಹನಿ, ಮಾತ್ರೆಗಳನ್ನು ವೈದ್ಯರು ಹೇಳದೆ ಕೊಡಕೂಡದು. ಹೊರಗಿನ ಕಾವಿಗೆ ಅವು ನಾಟುವುದಿಲ್ಲ, ಸೋಂಕಿದ್ದರೆ ಅದನ್ನು ಮರೆಮಾಚುತ್ತವೆ.

‘ಬಾಯಾರಿದೆ’ ಎಂದು ನೀರು, ಸಕ್ಕರೆ ನೀರು, ಎಳನೀರು, ಜೇನುತುಪ್ಪ, ಬಜೆ, ಹರಳೆಣ್ಣೆ ಯಾವುದೂ ಬೇಡ. ತಾಯಿಯ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ ಇದೆ. ಎಂಥ ಬೇಸಿಗೆಯಲ್ಲೂ ಆರು ತಿಂಗಳವರೆಗೆ ಕೂಸಿಗೆ ಅದೇ ಹಾಲು, ಅದೇ ನೀರು. ಆದರೆ ತಾಯಿಗೆ ಧಾರಾಳವಾಗಿ ಕುಡಿಯಲು ಕೊಡಬೇಕು. ‘ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ’ ಎಂದು ಲೋಟ ಎಣಿಸಿ ನೀರು ಕೊಡುವ ಮನೆಗಳಿವೆ. ಬೇಸಿಗೆಯಲ್ಲಿ ಇದು ತಾಯಿಗೆ ಮಾಡುವ ಅನ್ಯಾಯ. ಕಾಯಿಸಿ ಆರಿಸಿದ ನೀರು, ಮಜ್ಜಿಗೆ, ಗಂಜಿ, ಬೇಳೆಕಟ್ಟು ಬೇಕಾದಷ್ಟು ಕುಡಿಯಲಿ.

ದೃಷ್ಟಿ ತಗುಲಿತೆಂದು ಬರೆ ಹಾಕಿಸುವುದು, ತಾಯತಕ್ಕೆ ಊರೂರು ಅಲೆಯುವುದು ಇವುಗಳಿಂದ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ. ಬರೆಯ ಗಾಯದಿಂದ ಹೊಸ ಸೋಂಕೂ ಬರುತ್ತದೆ.

ಆಸ್ಪತ್ರೆಗೆ ಒಯ್ಯಲೇಬೇಕಾದ ಲಕ್ಷಣಗಳು

ಥರ್ಮಾಮೀಟರು ಏನೇ ತೋರಿಸಲಿ, ಈ ಕೆಳಗಿನವುಗಳಲ್ಲಿ ಒಂದು ಕಂಡರೂ ತಡಮಾಡಬಾರದು: ಹಾಲು ಕುಡಿಯುವುದನ್ನು ಬಿಟ್ಟಿರುವುದು, ಮುಟ್ಟಿ ಅಲುಗಿಸಿದರೆ ಮಾತ್ರ ಕದಲುವುದು, ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಬಾರಿ ಉಸಿರಾಡುವುದು, ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ಸೆಳವು, ನೆತ್ತಿಯ ಮೆತ್ತನೆಯ ಭಾಗ ಕುಳಿಬಿದ್ದಿರುವುದು ಅಥವಾ ಉಬ್ಬಿರುವುದು, ಹೊಕ್ಕುಳಲ್ಲಿ ಕೀವು, ಅಂಗೈ, ಅಂಗಾಲುಗಳವರೆಗೆ ಹಳದಿ ಹರಡಿರುವುದು, ಮೈ ತಣ್ಣಗಾಗಿರುವುದು. ಉಸಿರನ್ನು ಕೂಸು ಶಾಂತವಾಗಿದ್ದಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು.

ಖರ್ಚಿನ ಚಿಂತೆಯಿಂದ ಯಾರೂ ಹಿಂದೆಗೆಯಬೇಕಾಗಿಲ್ಲ. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಚಿಕಿತ್ಸೆ, ಔಷಧಿ, ಹೋಗಿಬರುವ ವಾಹನ ಉಚಿತ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆಂದೇ ವಿಶೇಷ ಆರೈಕೆ ಘಟಕಗಳಿವೆ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಂದು ಬಂದು ಕೂಸನ್ನು ನೋಡುವ ಏರ್ಪಾಡಿದೆ. ತೂಕ ನೋಡುವುದು, ಕಾವು ಅಳೆಯುವುದು ಆಕೆಗೆ ಗೊತ್ತು. ತವರಿಗೆ ಬಂದ ಬಾಣಂತಿಯ ವಿಷಯವನ್ನು ತವರಿನ ಊರಿನ ಆಶಾಗೆ ಮೊದಲೇ ತಿಳಿಸಿಟ್ಟರೆ ಈ ಭೇಟಿ ತಪ್ಪುವುದಿಲ್ಲ.

ಆಸ್ಪತ್ರೆಗೆ ಒಯ್ಯುವಾಗಲೂ ಜಾಗ್ರತೆ ಬೇಕು. ನಡುಬಿಸಿಲಿನಲ್ಲಿ ಬೈಕಿನ ಮೇಲೆ ಟವೆಲ್ಲಿನಿಂದ ಮುಖ ಸುತ್ತಿ ಒಯ್ದರೆ ಕೂಸು ದಾರಿಯಲ್ಲೇ ಮತ್ತಷ್ಟು ಕಾಯುತ್ತದೆ. ನೆರಳಿರುವ ವಾಹನದಲ್ಲಿ, ತೆಳು ಬಟ್ಟೆಯಲ್ಲಿ, ಮುಖಕ್ಕೆ ಗಾಳಿಯಾಡುವಂತೆ ತಾಯಿಯ ತೋಳಿನಲ್ಲಿ ಒಯ್ಯಬೇಕು. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಒಂದು ಗಳಿಗೆಯೂ ಕೂಸನ್ನು ಬಿಡಕೂಡದು.

ಬಾಣಂತಿ ಕೋಣೆ ಹೇಗಿರಬೇಕು?

ಚಿಕಿತ್ಸೆಗಿಂತ ಮುನ್ನೆಚ್ಚರಿಕೆ ಲೇಸು. ಬೇಸಿಗೆಯಲ್ಲಿ ಹೆರಿಗೆ ನಿರೀಕ್ಷಿಸುವ ಮನೆಯವರು ಕೋಣೆಯನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳಬಹುದು. ಪಡುವಣ ಬಿಸಿಲು ಬೀಳುವ ಕೋಣೆ, ಅಟ್ಟ, ತಗಡಿನ ಕೆಳಗಿನ ಕೋಣೆ, ಅಡುಗೆ ಒಲೆಯ ಪಕ್ಕದ ಕೋಣೆ ಬೇಡ. ಛಾವಣಿಗೆ ಮೇಲಿನಿಂದ ಬಿಳಿ ಸುಣ್ಣ ಬಳಿದರೆ ಒಳಗಿನ ಕಾವು ಇಳಿಯುತ್ತದೆ. ಕೊಟ್ಟಿಗೆಗೆ ಹೊದಿಸುವ ತೆಂಗಿನ ಗರಿಯನ್ನು ಮನೆಯ ತಗಡಿಗೂ ಹೊದಿಸಬಹುದು, ಒಲೆಯ ಕಿಡಿ ತಾಗದಂತೆ ಮಾತ್ರ ನೋಡಿಕೊಳ್ಳಬೇಕು. ಹಗಲು ಬಿಸಿಗಾಳಿ ಬರುವ ಕಡೆ ಲಾವಂಚದ ತಟ್ಟಿ ಅಥವಾ ಒದ್ದೆ ಗೋಣಿತಾಟು ಕಟ್ಟಬಹುದು. ಸಂಜೆಯಿಂದ ಬೆಳಗಿನವರೆಗೆ ಸೊಳ್ಳೆಪರದೆ ಕಟ್ಟಿ ಕಿಟಕಿ ತೆರೆದಿಡಬೇಕು. ಫ್ಯಾನು ಹಾಕಬಹುದು, ಗಾಳಿ ನೇರ ಕೂಸಿನ ಮುಖಕ್ಕೆ ಬಡಿಯದಿದ್ದರೆ ಸಾಕು.

ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಬೇಸಿಗೆಯಲ್ಲಿರಲಿ, ಚಳಿಗಾಲದಲ್ಲೂ ಸಲ್ಲದು. ಕೆಂಡದಿಂದ ಹೊರಡುವ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಾಯಿ, ಮಗು ಇಬ್ಬರೂ ಮಲಗಿದಲ್ಲೇ ಪ್ರಾಣ ಬಿಡುವ ಅಪಾಯವಿದೆ.

ಬಟ್ಟೆಯ ವಿಷಯಕ್ಕೆ ಒಂದು ಸುಲಭ ಲೆಕ್ಕ. ಅದೇ ಕೋಣೆಯಲ್ಲಿ ಕೂತ ದೊಡ್ಡವರಿಗೆ ಎಷ್ಟು ಬಟ್ಟೆ ಹಿತವೋ ಕೂಸಿಗೆ ಅದರ ಮೇಲೆ ಒಂದು ಪದರ ಸಾಕು; ಸುಡು ಬೇಸಿಗೆಯಲ್ಲಿ ಅದೂ ಬೇಡ. ಹಳೆಯ ಪಂಚೆಯ ಮೆತ್ತನೆಯ ಬಟ್ಟೆಯಲ್ಲಿ ಹೊಲಿದ ಒಂದು ಅಂಗಿ ಸಾಕಾಗುತ್ತದೆ. ಮನೆಯೊಳಗೆ ಮಲಗಿಸುವಾಗ ಬೆನ್ನ ಮೇಲೆ ಮಲಗಿಸಿ, ತಲೆಗೆ ಮುಸುಕು ಹಾಕಬಾರದು. ತೊಟ್ಟಿಲು, ಜೋಲಿಗಳ ಮೇಲೆ ದಪ್ಪ ಸೀರೆ ಮುಚ್ಚಿದರೆ ಒಳಗೆ ಗಾಳಿಯಾಡುವುದಿಲ್ಲ. ಸ್ನಾನದ ನೀರು ಎರೆಯುವವರ ಮೊಣಕೈಗೆ ಹಿತವಾಗಿರಬೇಕು. ಹೊಗೆ ಹಾಕುವುದನ್ನು ಬಿಟ್ಟರೆ ಕೂಸಿನ ಶ್ವಾಸಕೋಶಕ್ಕೆ ಒಳ್ಳೆಯದು.

ಹಾಗೆಂದು ತಂಪು ಅತಿಯಾಗಲೂ ಬಾರದು. ಹುಟ್ಟಿದ ಮೊದಲ ದಿನ, ಮಳೆಗಾಲದ ರಾತ್ರಿ, ಮಲೆನಾಡಿನ ಚಳಿ ಇವುಗಳಲ್ಲಿ ಕುಲಾವಿಯೂ ಬೇಕು, ಹೊದಿಕೆಯೂ ಬೇಕು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸನ್ನು ತಾಯಿ ಎದೆಗೆ ಚರ್ಮ ತಾಗುವಂತೆ ಅಪ್ಪಿಕೊಂಡಿರುವುದು ಎಲ್ಲಕ್ಕಿಂತ ಒಳ್ಳೆಯ ಕಾವು. ಹೊದಿಕೆ ಎಷ್ಟು ಬೇಕೆಂಬುದನ್ನು ಪಂಚಾಂಗ ನೋಡಿ ಅಲ್ಲ, ಕೂಸಿನ ಹೊಟ್ಟೆ, ಅಂಗಾಲು ಮುಟ್ಟಿ ನಿರ್ಧರಿಸಬೇಕು.

ಬಾಣಂತನದ ಮನೆಯಲ್ಲಿ ನಡೆಯುವುದು ಅಜ್ಜಿಯ ಮಾತು. ಆದ್ದರಿಂದ ಓದು ಬಲ್ಲ ಮಕ್ಕಳು, ಸೊಸೆಯಂದಿರು ಈ ಲೇಖನವನ್ನು ಅಜ್ಜಿಯಂದಿರಿಗೆ ಓದಿ ಹೇಳಬೇಕು. ಕೂಸನ್ನು ಮುಟ್ಟಿ ತಿಳಿಯುವ ಕೈ ಅವರದು; ಅವರು ಒಪ್ಪಿದರೆ ಕಿಟಕಿ ತಾನಾಗಿ ತೆರೆಯುತ್ತದೆ.

ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ

* ಕೂಸಿನ ಸರಿಯಾದ ಕಾವು: ಕಂಕುಳಲ್ಲಿ 97.7ರಿಂದ 99.5 ಡಿಗ್ರಿ ಫ್ಯಾರನ್‌ಹೀಟ್.
* ಹೆಚ್ಚಾದರೆ: ನೆರಳಿಗೆ ತನ್ನಿ, ಬಟ್ಟೆ ಬಿಚ್ಚಿ, ಎದೆಹಾಲು ಕೊಡಿ, ಅರ್ಧ ಗಂಟೆಗೆ ಮತ್ತೆ ನೋಡಿ.
* ಒಂದು ಗಂಟೆಯಲ್ಲಿ ಇಳಿಯದಿದ್ದರೆ ಆಸ್ಪತ್ರೆ.
* 100.4 ಅಥವಾ ಮೇಲಿದ್ದರೆ ತಕ್ಷಣ ಆಸ್ಪತ್ರೆ.
* ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಏದುಸಿರು ಅಥವಾ ಸೆಳವು ಕಂಡರೆ ತಕ್ಷಣ ಆಸ್ಪತ್ರೆ.
* ನೀರು, ತಣ್ಣೀರಿನ ಸ್ನಾನ, ಹೇಳದ ಔಷಧಿ ಬೇಡ.
* ಆಂಬುಲೆನ್ಸ್: 108.